ಕೈ ಜೋಮು ಮತ್ತು ನರದ ಅಳತೆ

ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ ಎಂದು ಬರೆದ ಓದುಗರಲ್ಲಿ ಅನೇಕರು ತಮ್ಮ ಎನ್‌ಸಿವಿ ವರದಿಯ ನಕಲನ್ನೂ ಪತ್ರದೊಂದಿಗೆ ಕಳುಹಿಸಿದ್ದಾರೆ. ಎನ್‌ಸಿವಿ, ಎನ್‌ಸಿಎಸ್, ನರದ ಟೆಸ್ಟು ಎಂದು ಹೆಸರು ಬೇರೆ ಬೇರೆಯಾದರೂ ಇವೆಲ್ಲ ನರವಹನ ಪರೀಕ್ಷೆಯೇ. ವರದಿಯ ಅಂಕಿಗಳನ್ನು ನೋಡಿ ಕೆಲವರು ಅಗತ್ಯಕ್ಕಿಂತ ಹೆಚ್ಚು ಹೆದರಿದ್ದಾರೆ, ಎಚ್ಚರ ವಹಿಸಬೇಕಾದ ಕೆಲವರು ಸುಮ್ಮನೆ ಕುಳಿತಿದ್ದಾರೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ, ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ಸಿಂಡ್ರೋಮ್ ಹಾಗೂ ಅದನ್ನು ಗುರುತಿಸುವಲ್ಲಿ ಈ ಪರೀಕ್ಷೆ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ಎರಡು ತಿಂಗಳಿಂದ ನಡುರಾತ್ರಿ ಬಲಗೈ ಮರಗಟ್ಟಿ ಎಚ್ಚರವಾಗುತ್ತದೆ. ಎದ್ದು ಕೈ ಕೊಡವಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಹಗಲಿನಲ್ಲಿ ಕಾಯಿ ತುರಿಯುವಾಗ, ಹಿಟ್ಟು ನಾದುವಾಗ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳಲ್ಲಿ ಜುಮುಜುಮು ಎನ್ನುತ್ತದೆ. ವೈದ್ಯರು ನರದ ಟೆಸ್ಟು ಮಾಡಿಸಲು ಹೇಳಿದ್ದಾರೆ. ಕೈಗೆ ಕರೆಂಟು ಕೊಡುತ್ತಾರೆ ಎಂದು ಕೇಳಿ ಭಯವಾಗಿದೆ. ಈ ಪರೀಕ್ಷೆ ಬೇಕೇ ಬೇಕೇ?
– ಗೃಹಿಣಿ, ತಿಪಟೂರು

ಉತ್ತರ: ನಿಮ್ಮ ಪತ್ರದಲ್ಲಿರುವ ಮೂರು ಸಂಗತಿಗಳು, ಅಂದರೆ ರಾತ್ರಿ ಎಚ್ಚರವಾಗುವುದು, ಕೈ ಕೊಡವಿದರೆ ಸಮಾಧಾನವಾಗುವುದು, ಮತ್ತು ಕಿರುಬೆರಳನ್ನು ಬಿಟ್ಟು ಹೆಬ್ಬೆರಳಿನ ಕಡೆಯ ಬೆರಳುಗಳಲ್ಲೇ ಜೋಮು ಕಾಣುವುದು, ಯಾವ ಯಂತ್ರವೂ ಇಲ್ಲದೆ ರೋಗದ ಕಡೆಗೆ ಬೆರಳು ತೋರಿಸುತ್ತವೆ. ನಮ್ಮ ಮಣಿಕಟ್ಟಿನ ಒಳಭಾಗದಲ್ಲಿ ಒಂದು ಇಕ್ಕಟ್ಟಾದ ದಾರಿಯಿದೆ, ಕಾರ್ಪಲ್ ಟನಲ್ ಎಂಬ ಸುರಂಗ ಇದೇ. ಅದರ ತಳ ಮತ್ತು ಪಕ್ಕಗಳು ಸಣ್ಣ ಮೂಳೆಗಳಿಂದ ಆಗಿವೆ, ಮೇಲಿನ ಮುಚ್ಚಿಗೆ ಅಡ್ಡಪಟ್ಟಿಯಂಥ ಗಟ್ಟಿ ಅಸ್ಥಿರಜ್ಜುವಿನಿಂದ ಆಗಿದೆ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಮೀಡಿಯನ್ ಎಂಬ ಒಂದು ನರ ಈ ದಾರಿಯಲ್ಲಿ ಒತ್ತೊತ್ತಾಗಿ ಸಾಗುತ್ತವೆ. ಒಳಗೆ ಸ್ವಲ್ಪ ಬಾವು ಬಂದರೂ ಮೂಳೆಯಾಗಲಿ ಪಟ್ಟಿಯಾಗಲಿ ಜಾಗ ಬಿಟ್ಟುಕೊಡುವುದಿಲ್ಲವಾದ್ದರಿಂದ, ಪೆಟ್ಟು ಬೀಳುವುದು ಎಲ್ಲಕ್ಕಿಂತ ಮೆತ್ತಗಿರುವ ನರಕ್ಕೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರಬೆರಳಿನ ಅರ್ಧ ಭಾಗಕ್ಕೆ ಸ್ಪರ್ಶದ ಅರಿವು ನೀಡುವುದು ಇದೇ ನರ. ಕಿರುಬೆರಳಿನ ಹೊಣೆ ಅಲ್ನಾರ್ ಎಂಬ ಬೇರೊಂದು ನರದ್ದು. ಮಲಗಿದಾಗ ಅರಿವಿಲ್ಲದೆ ಮಣಿಕಟ್ಟು ಮಡಿಚಿಕೊಳ್ಳುವುದರಿಂದ ಈ ದಾರಿಯಲ್ಲಿ ಒತ್ತಡ ಏರುತ್ತದೆ, ಆದ್ದರಿಂದಲೇ ತೊಂದರೆ ರಾತ್ರಿ ಹೆಚ್ಚು.

ಇನ್ನು ಪರೀಕ್ಷೆಯ ವಿಷಯ. ಮಣಿಕಟ್ಟಿನ ಮೇಲೆ ನರವಿರುವ ಜಾಗದಲ್ಲಿ ಸೆಕೆಂಡಿನ ಹತ್ತುಸಾವಿರದಲ್ಲಿ ಒಂದೆರಡು ಭಾಗದಷ್ಟು ಹೊತ್ತು ಮಾತ್ರ ಇರುವ ಸಣ್ಣ ವಿದ್ಯುತ್ ಮಿಡಿತವನ್ನು ಕೊಡುತ್ತಾರೆ. ರಬ್ಬರ್ ಬ್ಯಾಂಡನ್ನು ಎಳೆದು ಚರ್ಮದ ಮೇಲೆ ಬಿಟ್ಟಂತೆ ಚುರುಕ್ಕೆನ್ನುತ್ತದೆ, ಬೆರಳು ತಾನಾಗಿ ಅಲುಗುತ್ತದೆ, ಅಷ್ಟೇ. ಮನೆಯ ಕರೆಂಟು ಹೊಡೆಯುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಮಿಡಿತ ನರದ ಗುಂಟ ಸಾಗಿ ಬೆರಳಿಗೆ ಸುತ್ತಿದ ತೆಳುವಾದ ಉಂಗುರದಂಥ ವಿದ್ಯುದ್ವಾರವನ್ನೋ ಹೆಬ್ಬೆರಳ ಬುಡದ ಸ್ನಾಯುವಿನ ಮೇಲೆ ಅಂಟಿಸಿದ ವಿದ್ಯುದ್ವಾರವನ್ನೋ ತಲುಪಲು ಎಷ್ಟು ಮಿಲಿಸೆಕೆಂಡು ತೆಗೆದುಕೊಂಡಿತು, ತಲುಪಿದಾಗ ಮೂಡಿದ ಅಲೆ ಎಷ್ಟು ಎತ್ತರವಿತ್ತು ಎಂಬುದನ್ನು ಯಂತ್ರ ದಾಖಲಿಸುತ್ತದೆ. ಆರೋಗ್ಯವಂತರ ಕೈಯ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 50ರಿಂದ 60 ಮೀಟರ್ ವೇಗದಲ್ಲಿ ಸಾಗುತ್ತದೆ. ನರ ಒತ್ತಿಹೋದ ಜಾಗದಲ್ಲಿ ಅದರ ಮೈಲಿನ್ ಹೊದಿಕೆ ಹಾಳಾಗಿ ವೇಗ ಕುಗ್ಗುತ್ತದೆ.

ಆದರೆ ಕುಗ್ಗಿದ ಆ ಭಾಗ ಕೆಲವೇ ಸೆಂಟಿಮೀಟರಿನಷ್ಟು ಉದ್ದದ್ದು ಎಂಬುದನ್ನು ಮರೆಯಬಾರದು. ತಿಪಟೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸು ದಾರಿಯ ಒಂದು ರೈಲ್ವೆ ಗೇಟಿನಲ್ಲಿ ಹತ್ತು ನಿಮಿಷ ನಿಂತಿತೆನ್ನಿ. ಇಡೀ ಪ್ರಯಾಣದ ಸರಾಸರಿ ವೇಗ ಲೆಕ್ಕ ಹಾಕಿದರೆ ಆ ಹತ್ತು ನಿಮಿಷ ಕಣ್ಣಿಗೇ ಬೀಳುವುದಿಲ್ಲ. ಗೇಟಿನ ಈಚೆಯ ಊರಿನಿಂದ ಆಚೆಯ ಊರಿಗೆ ಹಿಡಿದ ಸಮಯವನ್ನಷ್ಟೇ ಅಳೆದರೆ ತಕ್ಷಣ ಗೊತ್ತಾಗುತ್ತದೆ. ನರದ ಪರೀಕ್ಷೆಯಲ್ಲೂ ಇದೇ ಲೆಕ್ಕ. ಅಂಗೈಯಿಂದ ಮಣಿಕಟ್ಟಿನವರೆಗಿನ 8 ಸೆಂಟಿಮೀಟರನ್ನು ಅಳೆದಾಗ ಹೊರಬೀಳುವ ವಿಳಂಬ, ಬೆರಳಿನ ತನಕದ 14 ಸೆಂಟಿಮೀಟರನ್ನು ಅಳೆದಾಗ ಕೆಲವೊಮ್ಮೆ ಮುಚ್ಚಿಹೋಗುತ್ತದೆ. ಇನ್ನೂ ಒಳ್ಳೆಯ ಉಪಾಯವೆಂದರೆ ಅದೇ ಕೈಯಲ್ಲಿ ಸುರಂಗದೊಳಗೆ ಹೋಗದ ನರದೊಂದಿಗೆ ಹೋಲಿಸುವುದು. ಉಂಗುರಬೆರಳಿಗೆ ಮೀಡಿಯನ್ ನರವೂ ಅಲ್ನಾರ್ ನರವೂ ಬರುವುದರಿಂದ, ಸಮಾನ ದೂರದಿಂದ ಎರಡನ್ನೂ ಪ್ರಚೋದಿಸಿ ಯಾವುದು ಎಷ್ಟು ತಡವಾಗಿ ತಲುಪಿತು ಎಂದು ನೋಡಬಹುದು. ವ್ಯತ್ಯಾಸ ಸುಮಾರು ಅರ್ಧ ಮಿಲಿಸೆಕೆಂಡು ದಾಟಿದರೆ ತಡೆ ಮಣಿಕಟ್ಟಿನಲ್ಲಿದೆ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಹೆಬ್ಬೆರಳಿನಲ್ಲಿ ರೇಡಿಯಲ್ ನರದೊಂದಿಗೂ ಹೀಗೆಯೇ ಹೋಲಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಪರೀಕ್ಷೆಯ ಜೀವಾಳವಿರುವುದೇ ಈ ಹೋಲಿಕೆಯಲ್ಲಿ. ಒಂದೇ ವಯಸ್ಸಿನ, ಒಂದೇ ಮೈಕಟ್ಟಿನ, ಒಂದೇ ಉಷ್ಣತೆಯ ಕೈ ತನಗೆ ತಾನೇ ಅಳತೆಗೋಲಾಗುತ್ತದೆ.

ನಿಮಗೆ ಈಗಲೇ ಪರೀಕ್ಷೆ ಬೇಕೇ ಎಂದರೆ, ಲಕ್ಷಣಗಳು ಇಷ್ಟು ಸ್ಪಷ್ಟವಾಗಿದ್ದು ಹೆಬ್ಬೆರಳಿನ ಬಲ ಕುಗ್ಗಿಲ್ಲವಾದರೆ, ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ಕಟ್ಟಿಕೊಂಡು ಆರು ವಾರ ಕಾದು ನೋಡುವುದೂ ಒಪ್ಪತಕ್ಕ ದಾರಿಯೇ. ಜೊತೆಗೆ ರಕ್ತದ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಆಗಬೇಕು, ಏಕೆಂದರೆ ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಕೊರತೆ ಎರಡೂ ಈ ತೊಂದರೆಯನ್ನು ತರಬಲ್ಲವು. ಬೆರಳಿನಿಂದ ವಸ್ತುಗಳು ಜಾರಿ ಬೀಳುತ್ತಿದ್ದರೆ, ಹೆಬ್ಬೆರಳ ಬುಡದ ಉಬ್ಬು ಬತ್ತಿದ್ದರೆ, ಕತ್ತಿನ ನೋವೂ ಇದ್ದು ಅನುಮಾನ ಬಂದರೆ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಪರೀಕ್ಷೆಯನ್ನು ಮುಂದೂಡಬಾರದು. ಹೋಗುವ ದಿನ ಕೈಗೆ ಎಣ್ಣೆ, ಕ್ರೀಮು ಹಚ್ಚಬೇಡಿ. ಬಳೆ, ಉಂಗುರಗಳನ್ನು ತೆಗೆಯಬೇಕಾಗುತ್ತದೆ. ಗಾಜಿನ ಬಳೆ ಬಿಗಿಯಾಗಿದ್ದರೆ ಅಲ್ಲಿ ಹೋಗಿ ಒಡೆಯುವ ಬದಲು ಹಿಂದಿನ ದಿನವೇ ಮನೆಯಲ್ಲಿ ನಿಧಾನವಾಗಿ ಬಿಚ್ಚಿಡಿ. ಊಟ ಬಿಡುವ ಅಗತ್ಯವಿಲ್ಲ.

ಪ್ರಶ್ನೆ: ಮೂವತ್ತು ವರ್ಷದಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ವರದಿಯಲ್ಲಿ ಬಲಗೈಗೆ ಮೀಡಿಯನ್ ಡಿಸ್ಟಲ್ ಮೋಟಾರ್ ಲೇಟೆನ್ಸಿ 5.4, ಆಂಪ್ಲಿಟ್ಯೂಡ್ 7, ಸೆನ್ಸರಿ ವೇಗ 36 ಎಂದು ಬರೆದು ಕೊನೆಯಲ್ಲಿ ಮಾಡರೇಟ್ ಎಂದಿದ್ದಾರೆ. ಇದರ ಅರ್ಥವೇನು? ಆಪರೇಷನ್ ಆಗಲೇಬೇಕೇ?
– ದರ್ಜಿ, ದಾವಣಗೆರೆ

ಉತ್ತರ: ಲೇಟೆನ್ಸಿ ಎಂದರೆ ಸಂದೇಶ ತಲುಪಲು ಹಿಡಿದ ಸಮಯ. ಮೋಟಾರ್ ಎಂದರೆ ಸ್ನಾಯುವಿಗೆ ಹೋಗುವ ತಂತುಗಳದ್ದು, ಸೆನ್ಸರಿ ಎಂದರೆ ಸ್ಪರ್ಶದ ತಂತುಗಳದ್ದು. ಮಣಿಕಟ್ಟಿನಿಂದ ಹೆಬ್ಬೆರಳ ಬುಡದ ಸ್ನಾಯುವಿಗೆ ಅದು ಸಾಮಾನ್ಯವಾಗಿ 4.2ರಿಂದ 4.5 ಮಿಲಿಸೆಕೆಂಡಿನೊಳಗೆ ತಲುಪಬೇಕು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿ ತುಸು ಬದಲಾಗುತ್ತದೆ. ನಿಮ್ಮದು 5.4 ಆಗಿರುವುದರಿಂದ ಖಚಿತವಾಗಿ ತಡವಾಗಿದೆ. ಬೆರಳಿನ ಸ್ಪರ್ಶದ ನರದಲ್ಲಿಯೂ ವೇಗ ಸೆಕೆಂಡಿಗೆ 36 ಮೀಟರಿಗೆ ಇಳಿದಿದೆ. ಸಮಾಧಾನ ಕೊಡುವ ಅಂಕಿಯೆಂದರೆ ಆಂಪ್ಲಿಟ್ಯೂಡ್, ಅಂದರೆ ಅಲೆಯ ಎತ್ತರ. ಸಾಮಾನ್ಯವಾಗಿ 4 ಮಿಲಿವೋಲ್ಟಿಗಿಂತ ಹೆಚ್ಚಿರಬೇಕಾದದ್ದು ನಿಮ್ಮಲ್ಲಿ 7 ಇದೆ. ವೇಗ ಕುಗ್ಗುವುದು ನರತಂತುವಿನ ಹೊದಿಕೆ ಕೆಟ್ಟಿರುವುದನ್ನು ಹೇಳಿದರೆ, ಅಲೆಯ ಎತ್ತರ ಕುಸಿಯುವುದು ಬಹುಮಟ್ಟಿಗೆ ತಂತುಗಳೇ ಸತ್ತಿರುವುದನ್ನು ಹೇಳುತ್ತದೆ. ಹೊದಿಕೆ ವಾರಗಳಲ್ಲಿ, ತಿಂಗಳುಗಳಲ್ಲಿ ಮತ್ತೆ ಬೆಳೆಯಬಲ್ಲದು. ಸತ್ತ ತಂತುವಿನ ಜಾಗಕ್ಕೆ ಹೊಸ ತಂತು ಬೆಳೆದು ಬರುವುದು ನಿಧಾನ, ಅದೂ ಪೂರ್ಣವಾಗದೆ ಹೋಗಬಹುದು. ವರದಿ ಕೈಗೆ ಬಂದಾಗ ಜನ ಲೇಟೆನ್ಸಿಯನ್ನೇ ದಿಟ್ಟಿಸಿ ನೋಡುತ್ತಾರೆ. ಮುಂದೇನಾಗಬಹುದು ಎಂದು ತಿಳಿಯಬೇಕಾದರೆ ಅಲೆಯ ಎತ್ತರವನ್ನೂ ಅಷ್ಟೇ ಗಮನವಿಟ್ಟು ನೋಡಬೇಕು.

ತೀವ್ರತೆಯನ್ನು ಅಳೆಯಲು ಇಂಗ್ಲೆಂಡಿನ ಕ್ಯಾಂಟರ್ಬರಿಯ ವೈದ್ಯ ಜೆರೆಮಿ ಬ್ಲ್ಯಾಂಡ್ 2000ದಲ್ಲಿ ಪ್ರಕಟಿಸಿದ, 0ಯಿಂದ 6ರವರೆಗಿನ ಶ್ರೇಣಿ ಹೆಚ್ಚು ಬಳಕೆಯಲ್ಲಿದೆ. ಅದರ ಪ್ರಕಾರ ಬೆರಳಿನ ಸ್ಪರ್ಶದ ಅಲೆ ಉಳಿದಿದ್ದು ಮೋಟಾರ್ ಲೇಟೆನ್ಸಿ 4.5ರಿಂದ 6.5ರ ನಡುವೆ ಇದ್ದರೆ 3ನೇ ಮಟ್ಟ, ನೀವಿರುವುದು ಅಲ್ಲಿ. ಸ್ಪರ್ಶದ ಅಲೆಯೇ ಕಾಣದಾದರೆ 4, ಲೇಟೆನ್ಸಿ 6.5 ದಾಟಿದರೆ 5, ಸ್ನಾಯುವಿನ ಅಲೆ 0.2 ಮಿಲಿವೋಲ್ಟಿಗಿಂತ ಕೆಳಗಿಳಿದರೆ 6. ಶಸ್ತ್ರಚಿಕಿತ್ಸೆಯ ಫಲ ಚೆನ್ನಾಗಿ ಸಿಗುವುದು ಈ ಶ್ರೇಣಿಯ ನಡುವಿನ ಮಟ್ಟಗಳವರಿಗೆ. ನರದ ಅಳತೆ ಸಹಜವಾಗಿರುವವರಲ್ಲಿ ರೋಗ ನಿರ್ಣಯವೇ ತಪ್ಪಿರಬಹುದಾದ್ದರಿಂದ, ಕಟ್ಟಕಡೆಯ ಮಟ್ಟದವರಲ್ಲಿ ನರ ಬಹಳಷ್ಟು ಸವೆದುಹೋಗಿರುವುದರಿಂದ ಫಲ ಕಡಿಮೆ. ನಿಮ್ಮ ಮುಂದೆ ಪಟ್ಟಿ, ಸ್ಟಿರಾಯ್ಡ್ ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಎಲ್ಲವೂ ಇವೆ. ಪಟ್ಟಿ ಕಟ್ಟಿಯೂ ನಿದ್ದೆ ಕೆಡುತ್ತಿದ್ದರೆ, ಸೂಜಿಗೆ ದಾರ ಪೋಣಿಸುವುದು ಕಷ್ಟವಾಗುತ್ತಿದ್ದರೆ, ಕೈಯೇ ಅನ್ನ ಕೊಡುವ ನಿಮ್ಮಂಥವರು ಅಲೆ ಕುಸಿಯುವ ತನಕ ಕಾಯುವುದನ್ನು ನಾನು ಒಪ್ಪಲಾರೆ.

ಪ್ರಶ್ನೆ: ಡಿಸೆಂಬರಿನಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಎರಡೂ ಕೈಗೆ ಕಾರ್ಪಲ್ ಟನಲ್ ಇದೆ ಎಂದು ಬಂತು. ಎರಡು ತಿಂಗಳ ನಂತರ ಬೇರೆ ಊರಿನಲ್ಲಿ ಮಾಡಿಸಿದಾಗ ಎಲ್ಲವೂ ಸರಿ ಎಂದು ಬಂತು. ನಡುವೆ ಯಾವ ಔಷಧವನ್ನೂ ತೆಗೆದುಕೊಂಡಿಲ್ಲ. ಯಾವುದನ್ನು ನಂಬಲಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಎರಡೂ ವರದಿಗಳನ್ನು ಓದಿದೆ. ಮೊದಲನೆಯದರಲ್ಲಿ ಕೈಯ ಉಷ್ಣತೆಯನ್ನು ನಮೂದಿಸಿಲ್ಲ, ಎರಡನೆಯದರಲ್ಲಿ 33 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿದ್ದಾರೆ. ನರ ತಣ್ಣಗಾದಷ್ಟೂ ಸಂದೇಶ ನಿಧಾನವಾಗುತ್ತದೆ. ಉಷ್ಣತೆ ಒಂದು ಡಿಗ್ರಿ ಇಳಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ತಗ್ಗುತ್ತದೆ, ಲೇಟೆನ್ಸಿ ಸುಮಾರು 0.2 ಮಿಲಿಸೆಕೆಂಡು ಏರುತ್ತದೆ. ಕೈ 28 ಡಿಗ್ರಿಗೆ ತಣ್ಣಗಾಗಿದ್ದರೆ, 32 ಡಿಗ್ರಿಯಲ್ಲಿ 3.8 ಬರಬೇಕಾದ ಅಂಕಿ 4.6 ಆಗಿ ಮಿತಿಯನ್ನು ದಾಟಿಬಿಡುತ್ತದೆ. ಹೀಗೆ ಚಳಿಗೆ ತಣ್ಣಗಾದ ಕೈ ರೋಗಿಯ ಕೈಯಂತೆ ಕಾಣಬಹುದು. ನಿಮ್ಮ ಮೊದಲ ವರದಿಯಲ್ಲಿ ಮೀಡಿಯನ್ ಜೊತೆಗೆ ಅಲ್ನಾರ್ ನರವೂ ನಿಧಾನವಾಗಿದೆ, ತಂಪೇ ಕಾರಣವಿರಬೇಕು ಎಂಬ ನನ್ನ ಅಭಿಪ್ರಾಯಕ್ಕೆ ಇದೇ ಆಧಾರ. ಎರಡೂ ನರಗಳ ನಡುವಿನ ವ್ಯತ್ಯಾಸವನ್ನು ಲೆಕ್ಕ ಹಾಕಿದ್ದರೆ ಈ ಗೊಂದಲ ಬಹುಶಃ ಹುಟ್ಟುತ್ತಲೇ ಇರಲಿಲ್ಲ. ಎರಡನೆಯ ವರದಿಯನ್ನು ನಂಬಿ. ಪರೀಕ್ಷೆಗೆ ಹೋಗುವ ಯಾರೇ ಆಗಲಿ, ಕೈ ತಣ್ಣಗಿದ್ದರೆ ಬಿಸಿನೀರಿನಲ್ಲಿ ಕೈ ಅದ್ದಿ ಬೆಚ್ಚಗೆ ಮಾಡಿಕೊಳ್ಳಲು ಅವಕಾಶ ಕೇಳಬೇಕು. ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ನನಗೆ 29 ವರ್ಷ, ಕಂಪ್ಯೂಟರ್ ಕೆಲಸ. ಬೆರಳುಗಳಲ್ಲಿ ಜೋಮು ಇದ್ದರೂ ಎನ್‌ಸಿವಿ ನಾರ್ಮಲ್ ಎಂದು ಬಂದಿದೆ. ಹಾಗಾದರೆ ಇದು ನನ್ನ ಭ್ರಮೆಯೇ?
– ಓದುಗರು, ಬೆಂಗಳೂರು

ಉತ್ತರ: ಖಂಡಿತ ಅಲ್ಲ. ಕಾರ್ಪಲ್ ಟನಲ್ ಇರುವವರೆಲ್ಲರನ್ನೂ ಈ ಪರೀಕ್ಷೆ ಹಿಡಿಯುವುದಿಲ್ಲ. ಅಧ್ಯಯನದಿಂದ ಅಧ್ಯಯನಕ್ಕೆ ಲೆಕ್ಕ ಬದಲಾದರೂ, ನೂರು ರೋಗಿಗಳಲ್ಲಿ ಸ್ಥೂಲವಾಗಿ 50ರಿಂದ 85 ಜನರಲ್ಲಿ ಮಾತ್ರ ದೋಷ ಕಾಣುತ್ತದೆ. ಇಷ್ಟು ದೊಡ್ಡ ಅಂತರಕ್ಕೆ ಒಂದು ಮುಖ್ಯ ಕಾರಣ ಪರೀಕ್ಷೆ ಮಾಡುವ ವಿಧಾನವೇ. ಹೆಬ್ಬೆರಳ ಸ್ನಾಯುವಿನ ಲೇಟೆನ್ಸಿ ಮತ್ತು ತೋರುಬೆರಳಿನ ವೇಗ ಇವೆರಡನ್ನೇ ನೋಡಿ ಮುಗಿಸಿದರೆ ಆರಂಭದ ಹಂತದ ರೋಗ ತಪ್ಪಿಹೋಗುತ್ತದೆ. ಮೇಲೆ ಹೇಳಿದ ಅಂಗೈ, ಉಂಗುರಬೆರಳು, ಹೆಬ್ಬೆರಳು ಈ ಮೂರು ಹೋಲಿಕೆಗಳ ವ್ಯತ್ಯಾಸಗಳನ್ನು ಕೂಡಿಸಿ ಒಂದೇ ಅಂಕಿಯಾಗಿ ನೋಡುವ ವಿಧಾನವೂ ಇದೆ. ಮೊತ್ತ 1 ಮಿಲಿಸೆಕೆಂಡು ಮುಟ್ಟಿದರೆ ಅಸಹಜ ಎನ್ನುತ್ತಾರೆ. ನೀವು ಕಳುಹಿಸಿದ ವರದಿಯಲ್ಲಿ ಈ ಹೋಲಿಕೆಗಳಲ್ಲಿ ಒಂದೂ ಇಲ್ಲ. ಅವುಗಳನ್ನು ಮಾಡಿಸಿ ನೋಡುವುದು ಸೂಕ್ತ. ಅಲ್ಟ್ರಾಸೌಂಡಿನಲ್ಲಿ ಮಣಿಕಟ್ಟಿನ ಬಳಿ ನರದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 10 ಚದರ ಮಿಲಿಮೀಟರಿಗಿಂತ ಹೆಚ್ಚಿದೆಯೇ ಎಂದು ನೋಡುವುದೂ ಉಪಯುಕ್ತ. ಇದರಲ್ಲಿ ಚುರುಕ್ಕೆನ್ನುವ ನೋವೂ ಇಲ್ಲ.

ಇನ್ನೊಂದು ಸಾಧ್ಯತೆ ಕತ್ತು. ಬೆನ್ನುಹುರಿಯಿಂದ ಹೊರಡುವ ನರಬೇರು ಕತ್ತಿನಲ್ಲಿ ಒತ್ತಿಹೋದರೂ ಹೆಬ್ಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಆದರೆ ಆಗ ಬೆರಳಿನ ಸ್ಪರ್ಶದ ಅಲೆ ಪೂರ್ತಿ ಸಹಜವಾಗಿರುತ್ತದೆ. ಇದಕ್ಕೆ ಕಾರಣವಿದೆ. ಸ್ಪರ್ಶದ ನರತಂತುವಿಗೆ ಪೋಷಣೆ ಕೊಡುವ ಜೀವಕೋಶ ಇರುವುದು ಬೆನ್ನುಹುರಿಯ ಒಳಗಲ್ಲ, ಹೊರಗೆ ನರಬೇರಿನ ಮೇಲಿರುವ ಸಣ್ಣ ಗಂಟಿನಲ್ಲಿ. ಡಿಸ್ಕು ಒತ್ತುವುದು ಸಾಮಾನ್ಯವಾಗಿ ಆ ಗಂಟಿಗಿಂತ ಒಳಗಿನ ಭಾಗವನ್ನು. ಹಾಗಾಗಿ ಗಂಟಿನಿಂದ ಬೆರಳಿನ ತನಕದ ತಂತು ಜೀವಂತವಾಗಿಯೇ ಉಳಿದು ಯಂತ್ರಕ್ಕೆ ಸರಿಯಾದ ಉತ್ತರ ಕೊಡುತ್ತದೆ, ಮಿದುಳಿಗೆ ಮಾತ್ರ ಸಂದೇಶ ಸರಿಯಾಗಿ ತಲುಪುವುದಿಲ್ಲ. ಇಂಥಲ್ಲಿ ಸ್ನಾಯುಗಳಿಗೆ ತೆಳುವಾದ ಸೂಜಿ ಹಾಕಿ ನೋಡುವ ಇಎಂಜಿ ಪರೀಕ್ಷೆ ನೆರವಿಗೆ ಬರುತ್ತದೆ. ಕತ್ತು ಹಿಂದಕ್ಕೆ ಬಾಗಿಸಿದಾಗ ನೋವು ತೋಳಿಗೆ ಇಳಿಯುತ್ತದೆಯೇ, ರಾತ್ರಿಯ ಜೋಮು ಇದೆಯೇ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿ.

ಪ್ರಶ್ನೆ: 14 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಪಾದ ಉರಿಯುತ್ತದೆ, ಈಗ ಕೈಯೂ ಜೋಮು ಹಿಡಿಯುತ್ತಿದೆ. ಸಕ್ಕರೆ ಇರುವವರಿಗೆ ಹೀಗಾಗುವುದು ಸಹಜ, ಪರೀಕ್ಷೆ ಬೇಡ ಎಂದು ಒಬ್ಬರು ಹೇಳಿದರು. ಸರಿಯೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಸರಿಯಲ್ಲ ಎಂದು ಗೌರವದಿಂದಲೇ ಹೇಳುತ್ತೇನೆ, ಮೇಷ್ಟ್ರೇ. ಸಕ್ಕರೆ ಕಾಯಿಲೆಯಿಂದ ಬರುವ ನರದೌರ್ಬಲ್ಯ ಸಾಮಾನ್ಯವಾಗಿ ಪಾದದಿಂದ ಆರಂಭವಾಗಿ ಮೇಲೇರುತ್ತದೆ, ಕೈಗೆ ಬರುವಾಗ ಎಲ್ಲ ಬೆರಳಿಗೂ ಬರುತ್ತದೆ. ಅದೇ ಕಾಯಿಲೆ ಇರುವವರಲ್ಲಿ ಕಾರ್ಪಲ್ ಟನಲ್ ಕೂಡ ಉಳಿದವರಿಗಿಂತ ಹೆಚ್ಚು. ಒಂದೇ ಕೈಯಲ್ಲಿ ಎರಡೂ ಇರಬಹುದು. ಮೊದಲನೆಯದಕ್ಕೆ ಸಕ್ಕರೆಯ ಹತೋಟಿ ಬಿಟ್ಟರೆ ದೊಡ್ಡ ಉಪಾಯವಿಲ್ಲ, ಎರಡನೆಯದನ್ನು ಬಿಡಿಸಿಕೊಡಬಹುದು. ಸಕ್ಕರೆಯ ಹೆಸರಿನಲ್ಲಿ ಇದನ್ನು ಕೈಬಿಟ್ಟರೆ ರೋಗಿಗೆ ಅನ್ಯಾಯವಾಗುತ್ತದೆ. ನಿಮ್ಮಂಥವರಲ್ಲಿ ಎಲ್ಲ ನರಗಳೂ ತುಸು ನಿಧಾನವಾಗಿರುವುದರಿಂದ ಬರಿಯ ಮೀಡಿಯನ್ ನರದ ಅಂಕಿಯನ್ನು ನೋಡಿ ತೀರ್ಮಾನಿಸಲಾಗದು. ಅಲ್ನಾರ್ ನರಕ್ಕಿಂತ ಅದು ಎಷ್ಟು ಹೆಚ್ಚು ನಿಧಾನವಾಗಿದೆ, ಕಾಲಿನ ನರಗಳ ಸ್ಥಿತಿ ಹೇಗಿದೆ ಎಂಬುದೆಲ್ಲವೂ ಬೇಕು.

ಇದೇ ಸಂದರ್ಭದಲ್ಲಿ ಎಲ್ಲ ಓದುಗರಿಗೂ ಒಂದು ಮಾತು. ಜೋಮಿನ ಜೊತೆ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ, ಮೊಣಕೈ ಹಿಂಬದಿಯಲ್ಲಿ ನರ ಹುರಿಯಂತೆ ದಪ್ಪಗೆ ಕೈಗೆ ಸಿಗುತ್ತಿದ್ದರೆ ಕುಷ್ಠರೋಗದ ತಪಾಸಣೆ ಆಗಬೇಕು. ಅದೂ ನರವನ್ನು ಕೆಡಿಸುತ್ತದೆ, ಮತ್ತು ಔಷಧದಿಂದ ಪೂರ್ತಿ ಗುಣವಾಗುತ್ತದೆ. ನರವಹನ ಪರೀಕ್ಷೆ ತೊಂದರೆ ಎಲ್ಲಿದೆ, ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಯಾಕೆ ಬಂತು ಎಂದು ಹೇಳುವುದಿಲ್ಲ.

ಪ್ರಶ್ನೆ: ಬೇರೆ ಕಾರಣಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ನನ್ನ ಎಡಗೈಯಲ್ಲಿ ಕಾರ್ಪಲ್ ಟನಲ್ ಇದೆ ಎಂದು ಬಂದಿದೆ. ನನಗೆ ಆ ಕೈಯಲ್ಲಿ ಏನೂ ತೊಂದರೆಯಿಲ್ಲ. ಈಗಲೇ ಚಿಕಿತ್ಸೆ ಪಡೆಯಬೇಕೇ?
– ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಬೇಡ. ದಕ್ಷಿಣ ಸ್ವೀಡನ್ನಿನ ಸಾಮಾನ್ಯ ಜನರಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ ಕೊಡುತ್ತದೆ. ಅಲ್ಲಿ ಶೇ. 14ಕ್ಕೂ ಹೆಚ್ಚು ಜನ ಮೀಡಿಯನ್ ನರದ ಭಾಗದಲ್ಲಿ ಜೋಮು, ಜುಮುಜುಮು ಅಥವಾ ನೋವು ಇದೆ ಎಂದರು. ತಪಾಸಣೆ ಮತ್ತು ನರದ ಅಳತೆ ಎರಡೂ ರೋಗವಿದೆ ಎಂದು ಹೇಳಿದ್ದು ಶೇ. 2.7 ಜನರಲ್ಲಿ ಮಾತ್ರ. ಯಾವ ತೊಂದರೆಯೂ ಇಲ್ಲ ಎಂದವರನ್ನು ಹೋಲಿಕೆಗಾಗಿ ಪರೀಕ್ಷಿಸಿದಾಗ ಅವರಲ್ಲಿ ಶೇ. 18 ಜನರ ನರ ಮಣಿಕಟ್ಟಿನಲ್ಲಿ ನಿಧಾನವಾಗಿರುವುದು ಕಂಡುಬಂತು. ಸಿಂಡ್ರೋಮ್ ಎಂಬ ಮಾತಿನಲ್ಲೇ ರೋಗಿ ಅನುಭವಿಸುವ ಲಕ್ಷಣಗಳು ಸೇರಿವೆ. ಲಕ್ಷಣವಿಲ್ಲದವರಿಗೆ ಆ ಹೆಸರನ್ನು ಯಂತ್ರ ಕೊಡಲಾರದು. ನಿಮ್ಮ ವರದಿಯಲ್ಲಿ ಮಣಿಕಟ್ಟಿನಲ್ಲಿ ಮೀಡಿಯನ್ ನರ ನಿಧಾನವಾಗಿದೆ ಎಂದಷ್ಟೇ ಬರೆದಿದ್ದರೆ ಹೆಚ್ಚು ಸರಿಯಾಗುತ್ತಿತ್ತು. ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಜೋಮು ಕಾಣಿಸಿಕೊಂಡರೆ ಹೋಲಿಸಲು ಬೇಕಾಗುತ್ತದೆ.

ಪ್ರಶ್ನೆ: ನಾನು ಫಿಸಿಯೋಥೆರಪಿ ವಿದ್ಯಾರ್ಥಿನಿ. ಕಾರ್ಪಲ್ ಟನಲ್ ಇರುವ ಒಬ್ಬ ರೋಗಿಯ ಮುಂಗೈಯಲ್ಲಿ ಮೀಡಿಯನ್ ನರದ ವೇಗ 81 ಎಂದು ಬಂತು. ನಿಧಾನವಾಗಬೇಕಾದ ನರ ಇಷ್ಟು ವೇಗವಾಗಿ ಸಾಗಲು ಹೇಗೆ ಸಾಧ್ಯ? ಅಳತೆ ತಪ್ಪಾಗಿದೆಯೇ?
– ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಅಂಕಿಯನ್ನು ಸುಮ್ಮನೆ ಬರೆದುಕೊಂಡು ಹೋಗದೆ ಅನುಮಾನಿಸಿದ್ದು ನನಗೆ ಬಹಳ ಸಂತೋಷ ತಂದಿದೆ. ಅಳತೆ ತಪ್ಪಾಗಿಲ್ಲ, ಲೆಕ್ಕದ ಹಿಂದಿನ ಊಹೆ ತಪ್ಪಾಗಿದೆ. ನೂರರಲ್ಲಿ 15ರಿಂದ 20 ಜನರಲ್ಲಿ, ಅಲ್ನಾರ್ ನರದಲ್ಲಿ ಇರಬೇಕಾದ ಕೆಲವು ತಂತುಗಳು ಮೊಣಕೈವರೆಗೆ ಮೀಡಿಯನ್ ನರದಲ್ಲಿ ಬಂದು, ಮುಂಗೈಯಲ್ಲಿ ದಾಟಿ ಅಲ್ನಾರ್ ನರವನ್ನು ಸೇರುತ್ತವೆ. ಇದನ್ನು ಮಾರ್ಟಿನ್–ಗ್ರೂಬರ್ ಜೋಡಣೆ ಎನ್ನುತ್ತಾರೆ. ಇದು ರೋಗವಲ್ಲ, ಹುಟ್ಟಿನಿಂದ ಬಂದ ರಚನೆ. ಮಣಿಕಟ್ಟಿನಲ್ಲಿ ಪ್ರಚೋದಿಸಿದಾಗ ಸಂದೇಶ ಇಕ್ಕಟ್ಟಾದ ಸುರಂಗವನ್ನು ದಾಟಿಯೇ ಹೋಗಬೇಕು, ನಿಮ್ಮ ರೋಗಿಯಲ್ಲಿ ಅದಕ್ಕೆ 5.2 ಮಿಲಿಸೆಕೆಂಡು ಹಿಡಿದಿದೆ. ಮೊಣಕೈಯಲ್ಲಿ ಪ್ರಚೋದಿಸಿದಾಗ ದಾಟುವ ತಂತುಗಳ ಸಂದೇಶ ಅಲ್ನಾರ್ ನರದ ಮೂಲಕ ಸುರಂಗವನ್ನು ತಪ್ಪಿಸಿ ಹೆಬ್ಬೆರಳ ಬುಡದ ಅಲ್ನಾರ್ ಸ್ನಾಯುಗಳನ್ನು ಮೊದಲೇ ತಲುಪಿಬಿಡುತ್ತದೆ, ಅದಕ್ಕೆ 7.8 ಮಿಲಿಸೆಕೆಂಡು. ಮೊಣಕೈಯಿಂದ ಮಣಿಕಟ್ಟಿಗೆ ಇರುವ 21 ಸೆಂಟಿಮೀಟರನ್ನು ಈ ಎರಡರ ವ್ಯತ್ಯಾಸವಾದ 2.6ರಿಂದ ಭಾಗಿಸಿದಾಗ 81 ಬಂದಿದೆ. ಎರಡು ಬೇರೆ ಬೇರೆ ದಾರಿಯಲ್ಲಿ ಹೋದವರ ಸಮಯವನ್ನು ಒಂದರಿಂದ ಒಂದು ಕಳೆದಂತಾಯಿತು. ಮೊಣಕೈಯಲ್ಲಿ ಕೊಟ್ಟ ಪ್ರಚೋದನೆಯ ಅಲೆಯ ಆರಂಭವನ್ನು ಮತ್ತೆ ನೋಡಿ. ಅದು ಮೇಲೇಳುವ ಮೊದಲು ಸ್ವಲ್ಪ ಕೆಳಗಿಳಿದಿದ್ದು, ಮಣಿಕಟ್ಟಿನ ಅಲೆಯಲ್ಲಿ ಆ ಇಳಿತ ಇಲ್ಲದಿದ್ದರೆ ಈ ಜೋಡಣೆಗೆ ಅದೇ ಗುರುತು. ಹಾಗೆಂದು ವರದಿಯಲ್ಲಿ ಮುಂಗೈ ವೇಗ ಸಹಜ ಎಂದು ಬರೆಯಬೇಡಿ, ನಿಜವಾದ ವೇಗ ಈ ಲೆಕ್ಕದಿಂದ ಸಿಗುವುದಿಲ್ಲ ಎಂದು ಟಿಪ್ಪಣಿ ಹಾಕಿ.

ಪ್ರಶ್ನೆ: ನರದಲ್ಲಿ ಸಂದೇಶ ಸಾಗುವ ವೇಗವನ್ನು ಮೊದಲು ಅಳೆದವರು ಯಾರು?
– ವಿಜ್ಞಾನ ಶಿಕ್ಷಕಿ, ಧಾರವಾಡ

ಉತ್ತರ: ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್. ಈ ವೇಗವನ್ನು ಅಳೆಯಲು ಸಾಧ್ಯವೇ ಆಗಲಾರದು ಎಂದು ಅವರ ಗುರು ಯೊಹಾನೆಸ್ ಮುಲ್ಲರ್ ನಂಬಿದ್ದರು. ಶಿಷ್ಯ ಕಪ್ಪೆಯ ನರವನ್ನು ಎರಡು ಕಡೆ ಪ್ರಚೋದಿಸಿ, ಸ್ನಾಯು ಅಲುಗಿದ ಸಮಯಗಳ ವ್ಯತ್ಯಾಸದಿಂದ ಸೆಕೆಂಡಿಗೆ ಸುಮಾರು 27 ಮೀಟರ್ ಎಂದು 1850ರಲ್ಲಿ ತೋರಿಸಿದರು. ಇಂದಿಗೂ ನಾವು ಮುಂಗೈಯಲ್ಲಿ ಮಾಡುವುದು ಇದೇ ಕಳೆಯುವ ಲೆಕ್ಕವನ್ನು. ಕಾರ್ಪಲ್ ಟನಲ್ ರೋಗಿಗಳಲ್ಲಿ ಸಂದೇಶ ಮಣಿಕಟ್ಟಿನಲ್ಲಿ ತಡವಾಗುವುದನ್ನು ಬ್ರಿಟನ್ನಿನ ಸಿಂಪ್ಸನ್ 1956ರಲ್ಲಿ ಸ್ನಾಯುವಿನ ಅಲೆಯಿಂದ ತೋರಿಸಿದರು. ಗಿಲಿಯಟ್ ಮತ್ತು ಸಿಯರ್ಸ್ 1958ರಲ್ಲಿ ರೋಗಿಗಳ ಬೆರಳಿನ ಸ್ಪರ್ಶದ ಅಲೆಗಳನ್ನು ದಾಖಲಿಸಿದ ಮೇಲೆ, ಸ್ನಾಯುವಿಗೆ ಹೋಗುವ ತಂತುಗಳಿಗಿಂತ ಸ್ಪರ್ಶದ ತಂತುಗಳಲ್ಲಿ ದೋಷ ಮೊದಲು ಕಾಣುತ್ತದೆ ಎಂಬುದು ಸ್ಪಷ್ಟವಾಗುತ್ತಾ ಬಂತು.

ಪ್ರಶ್ನೆ: ಮಗಳು ಎಂಟು ತಿಂಗಳ ಬಸುರಿ, ಕೈ ಜೋಮು ಹಿಡಿಯುತ್ತದೆ. ನನಗೆ ಪೇಸ್‌ಮೇಕರ್ ಇದೆ, ನನಗೂ ಅದೇ ತೊಂದರೆ. ನಾವಿಬ್ಬರೂ ಪರೀಕ್ಷೆ ಮಾಡಿಸಬಹುದೇ?
– ಓದುಗರು, ಕಲಬುರಗಿ

ಉತ್ತರ: ಮಗುವಿಗೆ ಈ ಪರೀಕ್ಷೆಯಿಂದ ಅಪಾಯವಿಲ್ಲ, ಆದರೆ ಮಗಳಿಗೆ ಈಗ ಅದರ ಅಗತ್ಯವೂ ಕಡಿಮೆ. ಗರ್ಭಿಣಿಯರಲ್ಲಿ ಮೈನೀರು ತುಂಬಿಕೊಳ್ಳುವುದರಿಂದ ಬರುವ ಈ ಜೋಮು ಹೆಚ್ಚಿನವರಲ್ಲಿ ಹೆರಿಗೆಯ ನಂತರ ಇಳಿಯುತ್ತದೆ. ರಾತ್ರಿ ಪಟ್ಟಿ ಕಟ್ಟಿಕೊಂಡರೆ ಸಾಕು. ಎದೆಯೊಳಗೆ ಅಳವಡಿಸಿದ ಪೇಸ್‌ಮೇಕರ್ ಇರುವವರಿಗೆ ಮಣಿಕಟ್ಟು, ಮೊಣಕೈಗಳಲ್ಲಿ ಈ ಪರೀಕ್ಷೆ ಸಾಮಾನ್ಯವಾಗಿ ಸುರಕ್ಷಿತ. ಮೊದಲೇ ತಿಳಿಸಿ, ಪೇಸ್‌ಮೇಕರ್ ಕಾರ್ಡನ್ನು ಜೊತೆಗೆ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಸೂಜಿಯ ಇಎಂಜಿ ಮಾಡುವುದಾದರೆ ಎಚ್ಚರಿಕೆ ಬೇಕಾಗುತ್ತದೆ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಾಗಿ ಏಳು ತಿಂಗಳಾಯಿತು. ರಾತ್ರಿ ಜೋಮು ನಿಂತಿದೆ, ಚೆನ್ನಾಗಿ ನಿದ್ದೆ ಬರುತ್ತದೆ. ಆದರೆ ಮೊನ್ನೆ ಮಾಡಿಸಿದ ಎನ್‌ಸಿವಿಯಲ್ಲಿ ಇನ್ನೂ ಕಾರ್ಪಲ್ ಟನಲ್ ಇದೆ ಎಂದು ಬರೆದಿದ್ದಾರೆ. ಮತ್ತೆ ಆಪರೇಷನ್ ಆಗಬೇಕೇ?
– ಓದುಗರು, ಮೈಸೂರು

ಉತ್ತರ: ಆಗಬೇಕಿಲ್ಲ. ಸುರಂಗದ ಮುಚ್ಚಿಗೆಯಾದ ಬಿಗಿ ಅಡ್ಡಪಟ್ಟಿಯನ್ನು ಕತ್ತರಿಸಿದ ಮೇಲೆ ಒತ್ತಡ ಕೂಡಲೇ ಇಳಿದರೂ ನರದ ಹೊದಿಕೆ ನಿಧಾನವಾಗಿ ಮತ್ತೆ ಕಟ್ಟಿಕೊಳ್ಳುತ್ತದೆ, ಅನೇಕರಲ್ಲಿ ಅದು ಎಂದೂ ಮೊದಲಿನಷ್ಟು ದಪ್ಪವಾಗುವುದಿಲ್ಲ. ಆದ್ದರಿಂದ ಅಂಕಿಗಳು ಸಹಜ ಮಿತಿಯ ಆಚೆಯೇ ಉಳಿದುಬಿಡಬಹುದು. ಶಸ್ತ್ರಚಿಕಿತ್ಸೆಯ ನಂತರದ ವರದಿಯನ್ನು ಆರೋಗ್ಯವಂತರ ಅಂಕಿಗಳೊಂದಿಗೆ ಹೋಲಿಸುವುದಕ್ಕಿಂತ ಅದೇ ಕೈಯ ಹಳೆಯ ವರದಿಯೊಂದಿಗೆ ಹೋಲಿಸುವುದು ಮುಖ್ಯ. ನೀವು ಕಳುಹಿಸಿದ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೋಟಾರ್ ಲೇಟೆನ್ಸಿ 6.1ರಿಂದ 4.8ಕ್ಕೆ ಇಳಿದಿದೆ, ಹಿಂದೆ ಕಾಣದೆ ಹೋಗಿದ್ದ ಬೆರಳಿನ ಸ್ಪರ್ಶದ ಅಲೆ ಈಗ ಸಣ್ಣದಾಗಿಯಾದರೂ ಮೂಡಿದೆ. ನರ ಚೇತರಿಸಿಕೊಳ್ಳುತ್ತಿದೆ. ಜೋಮು ಮತ್ತೆ ಶುರುವಾಗಿ, ಅದರೊಂದಿಗೆ ಲೇಟೆನ್ಸಿ ಹಳೆಯ 6.1ರ ಕಡೆಗೆ ಏರಿದರೆ ಮಾತ್ರ ಆ ಅಡ್ಡಪಟ್ಟಿ ಪೂರ್ತಿ ಬಿಡಿಸಿಕೊಂಡಿದೆಯೇ ಎಂದು ಶಸ್ತ್ರವೈದ್ಯರು ಮತ್ತೆ ನೋಡಬೇಕಾಗುತ್ತದೆ. ಅಲ್ಲಿಯವರೆಗೆ ಎರಡೂ ಹಾಳೆಗಳನ್ನು ಒಟ್ಟಿಗೆ ಇಟ್ಟುಕೊಂಡಿರಿ.